ಹತ್ತು ಹಾಡಿಗೆ ಒಂದೇ ಝಣಝಣ

ಧ್ವನಿಮುದ್ರಣದ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಯಾವ ಮೈಕು ಒಳ್ಳೆಯದು, ಯಾವ ಸಾಫ್ಟ್‌ವೇರು ಒಳ್ಳೆಯದು ಎಂದು. ಮೊದಲು ಕಿವಿ ಡಾಕ್ಟರ ಹತ್ತಿರ ಹೋಗಿ ಬನ್ನಿ ಎನ್ನುತ್ತೇನೆ ನಾನು. ಅವರು ನಗುತ್ತಾರೆ. ಮುದುಕ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಚೇಷ್ಟೆ ಅಲ್ಲ. ನನ್ನ ಇಡೀ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಚೆಂದದ ಕೆಲಸ ನಾಲ್ಕು ಜನ ಧಾರವಾಡದ ಹುಡುಗರ ಒಂದು ಆಲ್ಬಮ್ಮು. ಅದನ್ನು ನಾನು ಅರ್ಧ ಕಿವಿಯಲ್ಲಿ ಮಾಡಿದೆ. ಅರ್ಧ ಕಿವಿಯಲ್ಲಿ ಮಾಡುತ್ತಿದ್ದೇನೆಂದು ಬಹಳ ದಿನ ಅವರಿಗೆ ಹೇಳಲಿಲ್ಲ. ನಿಮಗೆ ಈಗ ಹೇಳುತ್ತೇನೆ, ಕೂತು ಕೇಳಿ.

ನಾನು ಯಾವಾಗ ಕೆಲಸಕ್ಕೆ ಸೇರಿದೆ, ಯಾವಾಗ ಮುಖ್ಯ ಕುರ್ಚಿಗೆ ಬಂದೆ ಎನ್ನುವುದೆಲ್ಲ ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ನೆನಪಿಡಬೇಕಾದದ್ದು ನಮ್ಮ ಮಾಲಕರಾದ ದೇಸಾಯರನ್ನು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ. ಕಿಟಕಿಗಳಿಗೆ ಗೋಣಿತಟ್ಟು, ಅದರ ಮೇಲೆ ಹತ್ತಿಯ ಗಾದಿ, ಗಾದಿಯ ಮೇಲೆ ಕೆಂಪು ಪರದೆ. ಅದೇ ಸ್ಟುಡಿಯೋ. ಬೇಸಿಗೆಯಲ್ಲಿ ಫ್ಯಾನು ಹಚ್ಚುವಂತಿಲ್ಲ, ಫ್ಯಾನಿನ ಸದ್ದು ಮೈಕಿಗೆ ಹೋಗುತ್ತದೆ. ಭಜನಾ ಮಂಡಳಿಯ ಹದಿನಾಲ್ಕು ಜನ ಒಳಗೆ ಕೂತು ಪದ ಹಾಡಿ ಹೊರಬಂದರೆ ಅಂಗಿ ಹಿಂಡಬೇಕಿತ್ತು. ವಚನ, ಭಜನೆ, ಗೀಗೀ ಪದ, ನಾಟಕದ ಕ್ಯಾಸೆಟ್ಟು, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಪ್ರಚಾರ, ಎಲ್ಲವೂ ಅಲ್ಲೇ.

ದೇಸಾಯರು ನನಗೆ ಕೊಟ್ಟ ಮೊದಲ ಕೆಲಸ ಕೀಲಿಗೊಂಚಲಿನದು. ಕ್ಯಾಸೆಟ್ ಯಂತ್ರದಲ್ಲಿ ಟೇಪು ಉಜ್ಜಿಕೊಂಡು ಹೋಗುವ ಒಂದು ಸಣ್ಣ ಲೋಹದ ತುಂಡು ಇರುತ್ತದೆ, ಅದಕ್ಕೆ ಹೆಡ್ಡು ಎನ್ನುತ್ತಿದ್ದೆವು. ಅದು ಕೂದಲೆಳೆಯಷ್ಟು ವಾರೆಯಾದರೂ ಧ್ವನಿಯ ಹೊಳಪೇ ಹೋಗಿಬಿಡುತ್ತದೆ. ದೇಸಾಯರು ಕೀಲಿಗೊಂಚಲು ಅಲ್ಲಾಡಿಸಿದ ಸದ್ದನ್ನು ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿ ಇಟ್ಟಿದ್ದರು. ದಿನಾ ಬೆಳಗ್ಗೆ ಅದನ್ನು ಹಾಕಿ, ಹೆಡ್ಡಿನ ಪಕ್ಕದ ತಿರುಪನ್ನು ತಿರುವುತ್ತ ಹೋಗಬೇಕು. ಕೀಲಿಗಳು ಎಲ್ಲಿ ಅತಿ ಹೆಚ್ಚು ಝಣಝಣ ಎನ್ನುತ್ತವೋ ಅಲ್ಲಿ ಕೈ ನಿಲ್ಲಿಸಬೇಕು. ಮೀಟರಿಲ್ಲ, ಗೆರೆಯಿಲ್ಲ, ಕಿವಿಯೇ ಎಲ್ಲ. ಮೊದಲ ವಾರ ನಾನು ತಿರುಪನ್ನು ತಿರುವಿ ತಿರುವಿ ಅದರ ಕಚ್ಚನ್ನೇ ಸವೆಸಿಬಿಟ್ಟೆ.

ಅದಕ್ಕೆ ಅವರು ಬಯ್ಯಲಿಲ್ಲ. ಮಧ್ಯಾಹ್ನ ಊಟ ಮಾಡಿ ಬಂದು ತಿರುವಿದ್ದಕ್ಕೆ ಮಾತ್ರ ಬೈದರು. “ಕಿವಿ ಮುಂಜಾನೆ ಎದ್ದಾಗ ಚೊಕ್ಕ ಇರ್ತಾವ. ಊಟಾ ಆದಮ್ಯಾಲೆ ಅವಕ್ಕೂ ನಿದ್ದಿ ಬರ್ತದ. ಹೊಳಪಿನ ಕೆಲಸ ಮುಂಜಾನೆ ಮಾಡು, ಲೆಕ್ಕದ ಕೆಲಸ ಮಧ್ಯಾಹ್ನ ಮಾಡು,” ಎಂದರು. ಈ ನಿಯಮವನ್ನು ನಾನು ನಿವೃತ್ತನಾಗುವವರೆಗೂ ಪಾಲಿಸಿದೆ, ನೀವೂ ಪಾಲಿಸಿ.

ನನ್ನ ಅತಿ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹತ್ತಿರದ ಹಳ್ಳಿಯ ಒಬ್ಬ ಸ್ವಾಮಿಗಳ ಪ್ರವಚನ. ಗಂಭೀರ ಕಂಠ, ಗುಡುಗಿದಂತೆ ಮಾತು. ಆ ದಿನ ಯಂತ್ರದ ಬೆಲ್ಟು ಸಡಿಲಾಗಿ ಟೇಪು ನಿಧಾನ ಓಡುತ್ತಿತ್ತು, ನನಗೆ ತಿಳಿಯಲಿಲ್ಲ. ಮುಗಿದ ಮೇಲೆ ಅದೇ ಯಂತ್ರದಲ್ಲಿ ಹಾಕಿ ಕೇಳಿದೆ, ಎಲ್ಲ ಸರಿಯಾಗಿತ್ತು. ಇರಲೇಬೇಕಲ್ಲ, ನಿಧಾನ ಮುದ್ರಿಸಿದ್ದನ್ನು ನಿಧಾನವಾಗಿಯೇ ನುಡಿಸಿದರೆ ಸರಿಯೇ ಕೇಳುತ್ತದೆ. ಕ್ಯಾಸೆಟ್ಟು ಊರಿಗೆ ಹೋಗಿ ಬೇರೆ ಯಂತ್ರಗಳಲ್ಲಿ ಓಡಿದಾಗ ಸ್ವಾಮಿಗಳು ಎಂಟು ವರ್ಷದ ಮಗುವಿನ ಕಂಠದಲ್ಲಿ ವೈರಾಗ್ಯ ಬೋಧಿಸತೊಡಗಿದರು! ಭಕ್ತರು ಸಿಟ್ಟಿನಿಂದ ಮೆಟ್ಟಿಲು ಹತ್ತಿ ಬಂದರು. ಸ್ವಾಮಿಗಳು ಮಾತ್ರ ಕ್ಯಾಸೆಟ್ಟು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ತಪ್ಪು ಮಾಡಿದ ಯಂತ್ರದಲ್ಲಿಯೇ ಆ ತಪ್ಪನ್ನು ಹುಡುಕಿದರೆ ಸಿಗುವುದಿಲ್ಲ ಎಂದು ಅವತ್ತು ಕಲಿತೆ. ಕಲಿತೆ ಅಂದುಕೊಂಡೆ, ಅಷ್ಟೆ.

ಮುಂದೆ ಕಂಪ್ಯೂಟರು ಬಂತು. ದೇಸಾಯರು ತೀರಿಕೊಂಡರು, ಅವರ ಮಗ ಮಾಲಕರಾದರು. ಹೆಡ್ಡಿಲ್ಲ, ತಿರುಪಿಲ್ಲ, ಟೇಪಿಲ್ಲ. ಧ್ವನಿಯೆಲ್ಲ ತೆರೆಯ ಮೇಲೆ ಗೆರೆಗಳಾಗಿ ಕಾಣತೊಡಗಿತು. ಹಾಡಿದವನು ಉಸಿರು ತಪ್ಪಿದರೆ ಆ ಉಸಿರನ್ನೇ ಕತ್ತರಿಸಿ ಎಸೆಯಬಹುದು. ಮೊದಲ ಎರಡು ತಿಂಗಳು ನಾನು ಮುಖ ಊದಿಸಿಕೊಂಡಿದ್ದೆ, ಆಮೇಲೆ ಅದರ ರುಚಿ ಹತ್ತಿತು. ಕೀಲಿಗೊಂಚಲು ಮೊಳೆಯ ಮೇಲೆ ತೂಗಾಡುತ್ತ ಉಳಿಯಿತು, ಬಾಗಿಲು ತೆಗೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಈಗ ಹುಡುಗರ ಕಥೆಗೆ ಬರುತ್ತೇನೆ. ನನ್ನ ನಿವೃತ್ತಿಗೆ ಇನ್ನು ಒಂದು ವರ್ಷವಿದ್ದಾಗ ನಾಲ್ವರು ಮೆಟ್ಟಿಲು ಹತ್ತಿ ಬಂದರು. ಬ್ಯಾಂಡಿನ ಹೆಸರು ‘ಖಾಲಿ ಟಾಂಗಾ’. ಹಾಡುವವಳು, ಹಾಡು ಕಟ್ಟುವವಳು ನಫೀಸಾ, ಅವಳ ಕೈಯಲ್ಲೂ ಒಂದು ಗಿಟಾರು. ಅವಳ ತಂದೆ ತಾರಿಹಾಳದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ವರ್ಕ್‌ಶಾಪು ಇಟ್ಟವರು. ಹನ್ನೆರಡು ತಂತಿಯ ಗಿಟಾರು ಹಿಡಿದವನು ವೀರೇಶ, ಹತ್ತಿ ವ್ಯಾಪಾರಿಗಳ ಮನೆಯವನು, ಮೂಗಿನ ತುದಿಯಲ್ಲೇ ಸಿಟ್ಟು. ಡ್ರಮ್ಮು ಮತ್ತು ಬೇಸ್ ಗಿಟಾರು ನುಡಿಸುವ ಇಬ್ಬರು ಅಣ್ಣತಮ್ಮಂದಿರು, ಅವರು ಬಾಯಿ ಬಿಟ್ಟಿದ್ದನ್ನು ನಾನು ಹೆಚ್ಚು ನೋಡಲಿಲ್ಲ.

ಅವರ ಸಂಕಟ ಸರಳವಾಗಿತ್ತು. ಹತ್ತು ಹಾಡು ಮಾಡಿಕೊಂಡಿದ್ದರು. ಒಂದನ್ನು ಧಾರವಾಡದ ಹಾಸ್ಟೆಲ್ ಕೋಣೆಯಲ್ಲಿ, ಒಂದನ್ನು ವೀರೇಶನ ಮನೆಯ ಗೋದಾಮಿನಲ್ಲಿ ಹತ್ತಿ ತುಂಬಿದ ಅಂಡಿಗೆಗಳ ನಡುವೆ, ಒಂದನ್ನು ತಾರಿಹಾಳದ ತಗಡಿನ ವರ್ಕ್‌ಶಾಪಿನಲ್ಲಿ, ಹೀಗೆ ಸಿಕ್ಕಸಿಕ್ಕಲ್ಲಿ ಮುದ್ರಿಸಿ ಬೆಂಗಳೂರಿನಲ್ಲಿ ಇಂಥ ಆಲ್ಬಮ್ಮು ಹೊರತರುವ ಒಬ್ಬಾತನಿಗೆ ಕಳಿಸಿದ್ದರು. ಹಾಡು ಚೆನ್ನಾಗಿವೆ, ಆದರೆ ಹತ್ತು ಹಾಡು ಹತ್ತು ಬ್ಯಾಂಡಿನವು ಅನಿಸುತ್ತದೆ, ಒಂದೇ ಬ್ಯಾಂಡು ಆಗಿ ಬನ್ನಿ, ಇನ್ನು ಒಂದೇ ಸಲ ಕೇಳುತ್ತೇನೆ ಎಂದು ಆತ ಬರೆದಿದ್ದ. ಅಂದರೆ ಹತ್ತೂ ಹಾಡು ಒಂದೇ ನಾದದಲ್ಲಿ ಬರಬೇಕು, ಇನ್ನೊಂದು ಅವಕಾಶವಿಲ್ಲ.

ಯಾವ ನಾದ ಎಂದೆ. ವೀರೇಶ ಗಿಟಾರು ತೆಗೆದು ಬಾರಿಸಿದ. ತಂತಿಗಳನ್ನು ಒಟ್ಟಿಗೆ ಎಳೆಯುವುದಲ್ಲ, ಒಂದೊಂದಾಗಿ ಬಿಡಿಸುತ್ತ ಹೋಗುವುದು, ಒಂದರ ನಾದ ಆರುವ ಮೊದಲೇ ಇನ್ನೊಂದು. ಹನ್ನೆರಡು ತಂತಿಗಳು ಜೋಡಿ ಜೋಡಿಯಾಗಿ ಮಿನುಗುತ್ತಿದ್ದವು. ಕರ್ಕಶವಿಲ್ಲ, ಗದ್ದಲವಿಲ್ಲ, ಬರೀ ಹೊಳಪು. ಇದಕ್ಕೆ ಜ್ಯಾಂಗಲ್ ಪಾಪ್ ಎನ್ನುತ್ತಾರೆ ಎಂದ. ಅದರ ಮೇಲೆ ನಫೀಸಾ ನಮ್ಮ ಊರಿನ ಮಾತಿನಲ್ಲಿಯೇ ಬಸ್ಸಿನ ಬಗ್ಗೆ, ಬಿಸಿಲಿನ ಬಗ್ಗೆ, ಪರೀಕ್ಷೆ ಬಿಟ್ಟು ಓಡಿಹೋದ ಗೆಳತಿಯ ಬಗ್ಗೆ ಹಾಡಿದಳು. ನನ್ನ ಮೈ ಜುಮ್ಮೆಂದಿತು. ಜೀವನವಿಡೀ ತಂಬೂರಿಯ ಜವಾರಿ ಕೇಳಿದವನು ನಾನು, ತಂತಿಯ ಕೆಳಗೆ ದಾರ ಸರಿಸಿ ನಾದವನ್ನು ಅರಳಿಸುವುದನ್ನು ನೋಡಿದವನು. ಇವರು ಅದೇ ಹುಚ್ಚನ್ನು ವಿದ್ಯುತ್ ಗಿಟಾರಿನಲ್ಲಿ ಹಚ್ಚಿಕೊಂಡಿದ್ದರು! ನಾಳೆ ಬೆಳಗ್ಗೆಯೇ ಬನ್ನಿ ಎಂದೆ. ಮಾಲಕರನ್ನು ಕೂಡ ಕೇಳಲಿಲ್ಲ.

ಮರುದಿನ ನಾನು ಮಾಡಿದ ತಪ್ಪನ್ನು ಭಜನಾ ಮಂಡಳಿಗಳನ್ನು ಮುದ್ರಿಸಿದವನು ಮಾತ್ರ ಮಾಡಬಲ್ಲ. ಭಜನೆಯಲ್ಲಿ ನಮ್ಮ ಶತ್ರು ತಾಳ. ಹತ್ತು ಜೋಡಿ ಹಿತ್ತಾಳೆ ತಾಳಗಳು ಶುರುವಾದರೆ ಹಾಡು ಕೇಳುವುದೇ ಇಲ್ಲ. ಅದಕ್ಕೆ ನಾವು ತಾಳದವರನ್ನು ಬಾಗಿಲ ಹತ್ತಿರ ಕೂರಿಸಿ, ಅವರ ಕಡೆಯ ಮೈಕಿಗೆ ಟಾವೆಲ್ಲು ಹೊದಿಸುತ್ತಿದ್ದೆವು. ವೀರೇಶನ ಗಿಟಾರಿನ ಸ್ಪೀಕರಿನಿಂದ ಝಣಝಣ ಎಂದು ಬಂದ ಕೂಡಲೇ ನನ್ನ ಕೈ ತಾನಾಗಿ ಟಾವೆಲ್ಲಿನ ಕಡೆ ಹೋಯಿತು. ನೀಟಾಗಿ ಮಡಚಿ ಮೈಕಿಗೆ ಹೊದಿಸಿ, ದೊಡ್ಡ ಕೆಲಸ ಮಾಡಿದವನಂತೆ ಕೂತೆ. ಮುದ್ರಿಸಿದ್ದನ್ನು ಕೇಳಿಸಿದಾಗ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕಾಕಾ,” ಎಂದಳು ನಫೀಸಾ, ಬಹಳ ಮರ್ಯಾದೆಯಿಂದ, “ನಾವು ಕೌದಿ ಹೊತ್ಕೊಂಡು ಹಾಡಿದಂಗ ಕೇಳಾಕತ್ತೈತ್ರಿ.”

ಟಾವೆಲ್ಲು ತೆಗೆದೆ. ಎರಡನೇ ಸಲ ಕೇಳಿಸಿದಾಗ ಅವರು ಕುಣಿದಾಡಿದರು, ಮಾತಾಡದ ಅಣ್ಣತಮ್ಮಂದಿರು ಕೂಡ ಕೈಗೆ ಕೈ ಬಡಿದುಕೊಂಡರು. ನನಗೆ ಮಾತ್ರ ಟಾವೆಲ್ಲಿಗೂ ಟಾವೆಲ್ಲು ಇಲ್ಲದ್ದಕ್ಕೂ ಅಂಥ ಅಂತರ ಕಾಣಲಿಲ್ಲ. ಮೈಕಿಗೆ ವಯಸ್ಸಾಗಿದೆ ಅಂದುಕೊಂಡೆ.

ಅವರು ಚಹಾ ಕುಡಿಯಲು ಕೆಳಗಿಳಿದಾಗ ಮೊಳೆಯ ಮೇಲಿನ ಕೀಲಿಗೊಂಚಲು ತೆಗೆದೆ. ಹೊಳಪಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿರಲಿಲ್ಲ. ಮೈಕಿನ ಮುಂದೆ ಅಲ್ಲಾಡಿಸಿ ಮುದ್ರಿಸಿ ಕೇಳಿದೆ. ಮಂಕು. ಮೈಕು ಬದಲಿಸಿದೆ. ಮಂಕು. ಕೇಬಲ್ಲು ಬದಲಿಸಿದೆ, ಹೆಡ್‌ಫೋನು ಬದಲಿಸಿದೆ, ಹೊಸ ಸ್ಪೀಕರಿಗೆ ಹಾಕಿದೆ. ಎಲ್ಲವೂ ಮಂಕು. ಸಿಟ್ಟು ನೆತ್ತಿಗೇರಿತು. ಕೊನೆಗೆ ಗೊಂಚಲನ್ನು ನನ್ನ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದೆ. ಮೈಕಿಲ್ಲ, ಕೇಬಲ್ಲಿಲ್ಲ, ಯಂತ್ರವಿಲ್ಲ. ಆದರೂ ಮಂಕು, ಒದ್ದೆ ಬಟ್ಟೆಯಲ್ಲಿ ಸುತ್ತಿದಂತೆ. ಆ ಸ್ವಾಮಿಗಳ ಪ್ರವಚನದ ಯಂತ್ರ ಈಗ ನಾನೇ ಆಗಿದ್ದೆ.

ಮನೆಗೆ ಹೋಗಿ ಹೆಂಡತಿ ಸುಮಿತ್ರಾಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಹಿಂದಿನ ತಿಂಗಳು ನನಗೆ ಜ್ವರ ಬಂದಾಗ ಥರ್ಮಾಮೀಟರು ಬಾಯಲ್ಲಿಟ್ಟುಕೊಂಡು ಕೂತಿದ್ದೆ, ಅದು ಪೀ ಪೀ ಎಂದು ಸದ್ದು ಮಾಡಿ ಮಾಡಿ ಸುಮ್ಮನಾದರೂ ತೆಗೆಯಲಿಲ್ಲವಂತೆ. ಜ್ವರದ ಅಮಲು ಅಂದುಕೊಂಡಿದ್ದಳಂತೆ. ಧಾರವಾಡದ ಕಿವಿ ಡಾಕ್ಟರು ಗಾಜಿನ ಡಬ್ಬಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಮಾತು ಕೇಳಲು ಏನೂ ತೊಂದರೆಯಿಲ್ಲ, ಎತ್ತರದ ಸ್ವರದ ಸಣ್ಣ ಸದ್ದುಗಳು ಮಾತ್ರ ಹೋಗಿವೆ, ಗೆಜ್ಜೆ, ಜೀರುಂಡೆ, ಅಂಥವು. ವಯಸ್ಸು, ಮತ್ತೆ ಅಷ್ಟು ವರ್ಷ ಹೆಡ್‌ಫೋನು, ಹೋದದ್ದು ಮರಳುವುದಿಲ್ಲ ಎಂದರು. ಜೀರುಂಡೆಯನ್ನು ಕೊನೆಯ ಸಲ ಯಾವಾಗ ಕೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಬಸ್ಸಿನಲ್ಲಿ ಕೂತು ಅತ್ತೆ.

ಅಳು ಮುಗಿದ ಮೇಲೆ ನೇರ ಯೋಚನೆ ಮಾಡಿದೆ. ಆ ಹುಡುಗರ ಆಲ್ಬಮ್ಮಿನ ಜೀವ ಇರುವುದೇ ಸಣ್ಣ ಸದ್ದಿನಲ್ಲಿ. ಅದನ್ನೇ ಕೇಳದವನು ಅದನ್ನು ಮುದ್ರಿಸುವುದು ಹೇಗೆ? ಹೇಳಿಬಿಡಬೇಕಿತ್ತು. ಬೇರೆಯವರ ಹತ್ತಿರ ಹೋಗಿ ಎನ್ನಬೇಕಿತ್ತು. ಆದರೆ ಆ ಗಿಟಾರು ನನ್ನ ತಲೆಗೆ ಹತ್ತಿಬಿಟ್ಟಿತ್ತು, ಬಿಟ್ಟುಕೊಡಲು ಮನಸ್ಸೊಪ್ಪಲಿಲ್ಲ. ಕಿವಿ ಹೋದ ಧ್ವನಿಮುದ್ರಕ ಎನ್ನಿಸಿಕೊಳ್ಳುವ ಅಂಜಿಕೆ ಬೇರೆ. ಬಾಯಿಗೆ ಬೀಗ ಹಾಕಿಕೊಂಡೆ.

ಆಮೇಲೆ ಒಂದು ಉಪಾಯ ಮಾಡಿದೆ. ಟಾವೆಲ್ಲು ತೆಗೆದ ಮೇಲೆ ಅವರು ಕುಣಿದಾಡಿದರಲ್ಲ, ಆ ಹೊತ್ತಿನಲ್ಲಿ ಏನೇನು ಎಲ್ಲೆಲ್ಲಿ ಇತ್ತೋ ಅದನ್ನೆಲ್ಲ ಹಾಗೇ ಇಟ್ಟುಬಿಡುವುದು. ಮೈಕು ಸ್ಪೀಕರಿನಿಂದ ಒಂದು ಗೇಣು ನಾಲ್ಕು ಬೆರಳು, ಸ್ಪೀಕರಿಗೆ ಹೊದಿಸಿದ ಬಟ್ಟೆಯ ಮಧ್ಯಕ್ಕಲ್ಲ, ಸ್ವಲ್ಪ ಅಂಚಿಗೆ. ನೆಲದ ಮೇಲೆ ಎಲ್ಲದರ ಕಾಲಿಗೂ ಅಂಟುಪಟ್ಟಿಯ ಗುರುತು. ಯಂತ್ರದ ಗುಂಡಿ ಎಲ್ಲಿ ನಿಂತಿತ್ತೋ ಅಲ್ಲಿ ಬಿಳಿ ಬಣ್ಣದ ಚುಕ್ಕೆ. ಪರದೆಯ ಮಡಿಕೆ ಕೂಡ ಎಣಿಸಿ ಬರೆದಿಟ್ಟುಕೊಂಡೆ. ಗಿಟಾರಿನ ತಂತಿ ಹಳೆಯದಾದರೆ ಹೊಳಪು ಹೋಗುತ್ತದೆ ಎಂದು ಎರಡು ಹಾಡಿಗೊಮ್ಮೆ ಅದೇ ಜಾತಿಯ ತಂತಿ ಬದಲಿಸಲು ಕಟ್ಟಪ್ಪಣೆ ಮಾಡಿದೆ. ಬೆಳಗ್ಗೆ ಮಾತ್ರ ಮುದ್ರಣ. ಕಸ ಹೊಡೆಯುವವಳಿಗೆ ಆ ಕೋಣೆಗೆ ಹೆಜ್ಜೆ ಇಡಬೇಡ ಎಂದೆ. ತೆರೆಯ ಮೇಲೆ ಗೆರೆಗಳೂ ಇದ್ದವು, ಸಣ್ಣ ಸದ್ದು ಇದೆಯೋ ಇಲ್ಲವೋ ಅವು ತೋರಿಸುತ್ತಿದ್ದವು. ಅದು ಸಿಹಿಯಾಗಿದೆಯೋ ಚುಚ್ಚುತ್ತಿದೆಯೋ ಎಂದು ಯಾವ ಗೆರೆಯೂ ಹೇಳುವುದಿಲ್ಲ.

ಅದಕ್ಕೆ ನಫೀಸಾ ಇದ್ದಳು. ಪ್ರತಿ ಹಾಡಿನ ನಂತರ ಅವಳನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಗುರುವಿನ ಗತ್ತಿನಲ್ಲಿ, ಏನು ಕೇಳುತ್ತಿದೆ ಹೇಳು ನೋಡೋಣ ಎನ್ನುತ್ತಿದ್ದೆ. ಅವಳಿಗೆ ಅದು ಪರೀಕ್ಷೆ. ಕಣ್ಣು ಮುಚ್ಚಿ, ಎರಡನೇ ಸಾಲಿನಲ್ಲಿ ಮೇಲಿನ ತಂತಿ ಹಲ್ಲು ಜುಮ್ಮೆನಿಸುತ್ತಿದೆ, ಕೊನೆಯಲ್ಲಿ ಸಣ್ಣಗೆ ಹಿಸ್ ಎನ್ನುತ್ತಿದೆ ಎಂದು ಹೇಳುತ್ತಿದ್ದಳು. ನಾನು ಗಡ್ಡ ತುರಿಸಿಕೊಂಡು “ಬರೋಬ್ಬರಿ” ಎನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ವೀರೇಶನನ್ನು ಇನ್ನೊಮ್ಮೆ ಬಾರಿಸಲು ಕಳಿಸುತ್ತಿದ್ದೆ. ನಾಚಿಕೆಯಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಆದರೆ ಹಾಡುಗಳು ಒಂದರ ಹಿಂದೆ ಒಂದು ಎಷ್ಟು ಚೆಂದ ಬರುತ್ತಿದ್ದವೆಂದರೆ ನಾಚಿಕೆಗೆ ಪುರುಸೊತ್ತಿರಲಿಲ್ಲ. ಮೂರನೆಯ ಹಾಡು ‘ಬಿಸಲಿನ ಕಟ್ಟಿ’ ಮುಗಿದಾಗ ನಾನೇ ಎದ್ದು ಚಪ್ಪಾಳೆ ಹೊಡೆದು ಆ ಮುದ್ರಣವನ್ನು ಕೆಡಿಸಿದೆ. ಕೊನೆಯ ತಂತಿಯ ನಾದ ಇನ್ನೂ ಆರಿರಲಿಲ್ಲವಂತೆ. ನನಗೆ ಆರಿಹೋಗಿತ್ತು.

ಏಳನೆಯ ಹಾಡಿಗೆ ವೀರೇಶ ಬೇರೆ ಸ್ಪೀಕರು ಹೊತ್ತು ತಂದ. ಇದೊಂದು ಹಾಡು ಸ್ವಲ್ಪ ಒರಟಾಗಿರಲಿ ಎಂದ. ಒಂದು ಚುಕ್ಕೆಯೂ ಅಲುಗಾಡಬಾರದು ಎಂದೆ. ಯಾಕೆ ಎಂದ. ನಿಜ ಕಾರಣ ಬೇರೆ. ಹೊಸ ಸ್ಪೀಕರು ಬಂದರೆ ನಾನು ಕುರುಡನಾಗುತ್ತಿದ್ದೆ. ಹತ್ತೂ ಹಾಡು ಒಂದೇ ಬ್ಯಾಂಡಿನವು ಅನಿಸಬೇಕೋ ಬೇಡವೋ ಎಂದು ಗದರಿದೆ. ಅವನೂ ದನಿ ಏರಿಸಿದ. ನಿಮಗೆ ಗುಂಡಿ ಮುಟ್ಟಲು ಅಂಜಿಕೆ, ಅದಕ್ಕೆ ಹೀಗೆ ಮಾಡುತ್ತೀರಿ ಎಂದ. ಅವನಿಗೆ ತಿಳಿಯದೆಯೇ ಸತ್ಯ ಹೇಳಿಬಿಟ್ಟಿದ್ದ. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಕೊನೆಗೆ ಅವನು ಹಳೆಯ ಸ್ಪೀಕರಿನಲ್ಲಿಯೇ ಮುಖ ಗಂಟುಹಾಕಿಕೊಂಡು ಬಾರಿಸಿದ, ಆ ಸಿಟ್ಟಿಗೆ ಹಾಡು ತಾನಾಗಿ ಒರಟಾಗಿ ಬಂತು.

ಹತ್ತು ಹಾಡು ಮುಗಿದವು. ಉಳಿದದ್ದು ಮಿಕ್ಸಿಂಗು. ಗಿಟಾರು, ಕಂಠ, ಡ್ರಮ್ಮು, ಬೇಸು, ಎಲ್ಲವನ್ನೂ ತೂಗಿ ಒಂದು ಹಾಡಾಗಿ ಕಟ್ಟುವ ಕೆಲಸ. ಇದರಲ್ಲಿ ಚುಕ್ಕೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ, ಪ್ರತಿ ಕ್ಷಣವೂ ಕಿವಿಯೇ ಬೇಕು. ನಾನು ಕುರ್ಚಿಯಲ್ಲಿ ಕೂತು ಮೊದಲ ಗುಂಡಿಯ ಮೇಲೆ ಬೆರಳಿಟ್ಟೆ. ನಾಲ್ವರೂ ಹಿಂದೆ ನಿಂತಿದ್ದರು. ನಾನು ಇಲ್ಲಿ ತಪ್ಪಿದರೆ ಬೆಂಗಳೂರಿನವನು ಇನ್ನೊಮ್ಮೆ ಕೇಳುವುದಿಲ್ಲ. ಬೆರಳು ತೆಗೆದು, ಕುರ್ಚಿ ತಿರುಗಿಸಿ, ಎಲ್ಲವನ್ನೂ ಹೇಳಿಬಿಟ್ಟೆ. ಕೀಲಿ, ಥರ್ಮಾಮೀಟರು, ಡಾಕ್ಟರು, ಪರೀಕ್ಷೆಯ ನಾಟಕ, ಎಲ್ಲ.

ಮೊದಲು ಮಾತಾಡಿದವನು ವೀರೇಶ. ಈ ಸಲ ಅವನ ದನಿ ಏರಲಿಲ್ಲ. “ಇದು ನಮ್ಮ ಕಡೀ ಸರ್ತಿ ಅನ್ನೂದು ನಿಮಗ ಗೊತ್ತಿತ್ತು ಕಾಕಾ. ಹತ್ತೂ ಹಾಡ ಮುಗದ ಮ್ಯಾಲ ಹೇಳಾಕತ್ತೀರಿ.”

ನಫೀಸಾ ನೆಲದ ಮೇಲಿನ ಅಂಟುಪಟ್ಟಿಗಳನ್ನು ನೋಡುತ್ತಿದ್ದಳು. “ನಾ ಪರೀಕ್ಷಾ ಪಾಸಾಗಾಕತ್ತೇನಿ ಅಂತ ಮನ್ಯಾಗ ಹೇಳ್ಕೋತ ತಿರುಗಿದ್ನಿ,” ಎಂದಳು. “ನೀವು ನನ್ನ ಕಿವಿ ತಗೊಂಡ್ರಿ. ನನಗ ಹೇಳದನ ತಗೊಂಡ್ರಿ.”

ಅವರು ಗಿಟಾರುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ನಾನು ತಡೆಯಲಿಲ್ಲ, ತಡೆಯಲು ಮುಖವೂ ಇರಲಿಲ್ಲ. ಮಾಲಕರಿಗೂ ಹೇಳಿದೆ. ಅವರು ಒಳ್ಳೆಯವರು, ಉಳಿದ ತಿಂಗಳುಗಳಲ್ಲಿ ಬರೀ ಪ್ರವಚನ ಮುದ್ರಿಸಿ ಎಂದರು. ಮೂರು ದಿನ ಆ ಹತ್ತು ಹಾಡುಗಳು ಕಂಪ್ಯೂಟರಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದವು. ನನ್ನ ವೃತ್ತಿಯಲ್ಲಿ ಅಂಥ ಮೂರು ದಿನ ಬೇರೆ ಬರಲಿಲ್ಲ. ಊಟದ ರುಚಿ ಹೋಯಿತು, ಸುಮಿತ್ರಾ ಮಾತಾಡಿಸಿದರೆ ಸಿಡುಕುತ್ತಿದ್ದೆ.

ನಾಲ್ಕನೆಯ ದಿನ ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ನಫೀಸಾ ಮೆಟ್ಟಿಲ ಮೇಲೆ ಕೂತಿದ್ದಳು. ಒಬ್ಬಳೇ. ತಾರಿಹಾಳದ ವರ್ಕ್‌ಶಾಪಿನಿಂದ ನೇರ ಬಂದಿದ್ದಳು, ಬೆರಳುಗಳಿಗೆ ವಾರ್ನಿಷು ಅಂಟಿತ್ತು. ಒಳಗೆ ಬಂದು ಮುಖ್ಯ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

“ನಮ್ಮ ಅಬ್ಬಾಗ ಸಣ್ಣ ತಂತಿ ಕಣ್ಣಿಗೆ ಕಾಣಂಗಿಲ್ರಿ ಈಗ,” ಎಂದಳು. “ಸುತ್ತೂದು ಅವರು, ಸುತ್ತು ಎಣಸೂದು ನಾನು. ಮೋಟಾರು ತಂದವರಿಗೆ ಮೊದಲ ಹೇಳತಾರ, ಕೈ ನಂದು, ಕಣ್ಣು ಮಗಳದು, ಒಪ್ಪಗಿ ಇದ್ರ ಇಟ್ಟು ಹೋಗ್ರಿ ಅಂತ. ಯಾರೂ ವಾಪಸ್ ಒಯ್ದಿಲ್ಲ. ನೀವೂ ಮೊದಲ ಹೇಳಿದ್ರ ನಾವೂ ಹೋಗತಿರಲಿಲ್ಲ.”

ಚಹಾ ತರಿಸಲೇ ಎಂದೆ.

“ಚಾ ಆಮ್ಯಾಲ. ಹೊಳಪಿನ ಕೆಲಸ ಮುಂಜಾನಿ ಮಾಡಬೇಕು ಅಂತ ನೀವ ಹೇಳೀರಿ,” ಎಂದಳು. “ವೀರೇಶಗ ನಾ ಹೇಳೇನಿ. ಸಿಟ್ಟ ಐತಿ, ಬರ್ತಾನ.”

ಮಾಲಕರ ಒಪ್ಪಿಗೆ ಪಡೆದು ಹನ್ನೊಂದು ಬೆಳಗು ಆ ಕೆಲಸ ನಡೆಸಿದೆವು. ದೇವರಾಣೆ, ನನ್ನ ಜೀವನದಲ್ಲಿ ಅಂಥ ಉಮೇದಿನಿಂದ ಕೆಲಸ ಮಾಡಿರಲಿಲ್ಲ. ಈಗ ನಾಟಕವಿರಲಿಲ್ಲ. ಅವಳು ಕೇಳಿದ್ದನ್ನು ಹೇಳುತ್ತಿದ್ದಳು, ಅದಕ್ಕೆ ಯಾವ ಗುಂಡಿ, ಎಷ್ಟು ತಿರುವಬೇಕು ಎನ್ನುವುದು ನನ್ನ ಕೈಗೆ ಗೊತ್ತಿತ್ತು. ಮಾತೂ ತಾನಾಗಿ ಹುಟ್ಟಿಕೊಂಡಿತು. ‘ಸೂಜಿ’ ಎಂದರೆ ಚುಚ್ಚುತ್ತಿದೆ, ‘ಗಾದಿ’ ಎಂದರೆ ಮಂಕಾಗಿದೆ, ‘ಸಕ್ಕರೆ’ ಎಂದರೆ ಬಿಡಿ, ಕೈ ತೆಗೆಯಿರಿ. ಸೂಜಿ, ಸೂಜಿ, ಇನ್ನೂ ಸೂಜಿ, ಸಕ್ಕರೆ! ಮೂರನೆಯ ದಿನ ವೀರೇಶ ಬಂದು ಬಾಗಿಲಿಗೆ ಒರಗಿ ನಿಂತ. ಐದನೆಯ ದಿನ ಅವನೂ ಕುರ್ಚಿ ಎಳೆದುಕೊಂಡು ಕೂತು, ಅವಳು ಸಕ್ಕರೆ ಎಂದದ್ದಕ್ಕೆ ಗಾದಿ ಎಂದು ಜಗಳ ತೆಗೆದ. ಇಬ್ಬರೂ ಕಚ್ಚಾಡುವಾಗ ನಾನು ಕೈಕಟ್ಟಿ ಕೂತು ಕಾಯುತ್ತಿದ್ದೆ. ಅಷ್ಟು ವರ್ಷ ನಾನೇ ತೀರ್ಪು ಕೊಟ್ಟವನು, ಕಾಯುವುದರಲ್ಲಿ ಅಂಥ ಸುಖವಿದೆಯೆಂದು ಗೊತ್ತೇ ಇರಲಿಲ್ಲ. ಆಲ್ಬಮ್ಮಿನ ಹೊದಿಕೆಯ ಮೇಲೆ ಧ್ವನಿಮುದ್ರಣ ಎಂಬಲ್ಲಿ ನನ್ನ ಹೆಸರಿನ ಪಕ್ಕ ಅವಳದೂ ಇರಬೇಕೆಂದು ಹಟ ಹಿಡಿದೆ. ಇದೆ.

ಬೆಂಗಳೂರಿನವನ ಉತ್ತರ ಬಂದಾಗ ನಾಲ್ವರೂ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದರು. ಆತ ಆಲ್ಬಮ್ಮನ್ನು ಒಪ್ಪಿಕೊಂಡಿದ್ದ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ನಾದ ಒಂದಿಷ್ಟೂ ಕದಲಿಲ್ಲ, ಇಷ್ಟು ಹಟಮಾರಿ ನಿರ್ಧಾರ ಯಾರದು, ಹೊಸಬರಲ್ಲಿ ಇಂಥದ್ದು ನೋಡಿಲ್ಲ ಎಂದು ಬರೆದಿದ್ದ. ವೀರೇಶ ಫೋನು ಹಿಡಿದು ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏನಂತ ಬರೀಲಿ ಕಾಕಾ? ನಿರ್ಧಾರ ಅಲ್ಲ, ನಮ್ಮ ಕಾಕಾರ ಅಂಜಿಕಿ ಅಂತ ಬರೀಲೇನ?”

ಬರಿ ಎಂದೆ. ಬರೆಯಲಿಲ್ಲ ಅವನು. ಆದರೆ ನಿಮಗೆ ನಾನು ಬರೆದು ಹೇಳುತ್ತಿದ್ದೇನೆ. ಆ ಆಲ್ಬಮ್ಮಿನ ಬಗ್ಗೆ ಆಮೇಲೆ ಹಲವರು ಬರೆದರು, ಎಲ್ಲರೂ ಅದರ ಒಂದೇ ನಾದವನ್ನು ಹೊಗಳಿದರು, ಆಳವಾದ ಕಲಾತತ್ವವೊಂದನ್ನು ಅದರಲ್ಲಿ ಕಂಡವರೂ ಇದ್ದಾರೆ. ಅದರ ಅರ್ಧ ಅಂಟುಪಟ್ಟಿ, ಬಿಳಿ ಚುಕ್ಕೆ, ಸಿಕ್ಕಿಬೀಳುವ ದಿಗಿಲು. ಉಳಿದರ್ಧ ಆ ಹುಡುಗಿಯ ಕಿವಿ. ಚುಕ್ಕೆ ಹಾಕುವುದನ್ನು ನನ್ನಿಂದ ಕಲಿಯಿರಿ, ಮುಚ್ಚಿಡುವುದನ್ನು ಕಲಿಯಬೇಡಿ.

ನಿವೃತ್ತನಾಗಿ ಈಗ ಎರಡು ವರ್ಷ. ಹೋದ ತಿಂಗಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಹಾಡು ಹಚ್ಚಿಕೊಂಡಿದ್ದಳು. ಬಸ್ಸಿನ ಗದ್ದಲ, ಫೋನಿನ ಸಣ್ಣ ದನಿ, ನನ್ನ ಕಿವಿ, ನನಗೆ ಏನೂ ಕೇಳುತ್ತಿರಲಿಲ್ಲ. ಆದರೆ ಅವಳ ಬೆರಳು ಮುಂದಿನ ಸೀಟಿನ ಸರಳಿನ ಮೇಲೆ ತಾಳ ಹಾಕುತ್ತಿತ್ತು. ಎರಡು ಪೆಟ್ಟು, ಒಂದು ಬಿಡುವು, ಮೂರು ಪೆಟ್ಟು, ಉದ್ದನೆಯ ಬಿಡುವು. ‘ಬಿಸಲಿನ ಕಟ್ಟಿ’! ನಾನು ಚಪ್ಪಾಳೆ ಹೊಡೆದು ಕೆಡಿಸಿದ ಹಾಡು. ಸೀಟಿನಿಂದ ಎದ್ದೇಬಿಟ್ಟಿದ್ದೆ, ಮತ್ತೆ ಕೂತೆ.

ಯಾವ ಹಾಡವ್ವಾ ಅದು ಎಂದು ಗೊತ್ತಿಲ್ಲದವನಂತೆ ಕೇಳಿದೆ. ನಮ್ಮ ಊರಿನವರದೇ ಎಂದು ಹೆಮ್ಮೆಯಿಂದ ಹೇಳಿ, ಫೋನನ್ನು ನನ್ನ ಕಿವಿಗೆ ಹಿಡಿದಳು. “ಗಿಟಾರ್ ಕೇಳ್ರಿ ಅಜ್ಜಾರ. ಹೆಂಗೈತಿ ನೋಡ್ರಿ.”

ಚೆನ್ನಾಗಿದೆ ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಬಾಯಿಗೂ ಅದೇ ಬಂದಿತ್ತು.

“ನನಗ ಅದು ಕೇಳಸಂಗಿಲ್ಲವ್ವಾ,” ಎಂದೆ. “ಸಣ್ಣ ಸದ್ದು ಹೋಗ್ಯಾವ. ನೀನ ಹೇಳು, ಹೆಂಗೈತಿ?”

ಅವಳು ಹಾಡನ್ನು ಮೊದಲಿಂದ ಹಚ್ಚಿ, ಫೋನನ್ನು ತನ್ನ ಕಿವಿಗಿಟ್ಟುಕೊಂಡು, ಒಂದೊಂದೇ ತಂತಿ ಎಲ್ಲಿ ಬರುತ್ತದೆ, ಎಲ್ಲಿ ಆರುತ್ತದೆ ಎಂದು ಹೇಳುತ್ತ ಹೋದಳು. ಧಾರವಾಡ ಬರುವವರೆಗೂ ಹೇಳಿದಳು.